ಕಲ್ಲಿನ ಮೇಲೆ ಬೆಳೆದದ್ದನ್ನು ಕೀಳುವ ಮೊದಲು

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ ಬೆಂಗಳೂರಿನ ನಮ್ಮ ಮನೆಯಲ್ಲಿ 120 ಲೀಟರಿನ ಉಪ್ಪುನೀರಿನ ಟ್ಯಾಂಕ್ ಶುರು ಮಾಡಿದೆ. ಒಂದು ಜೊತೆ ಕ್ಲೌನ್ ಮೀನು ಇದೆ. ಹಳೇ ಟ್ಯಾಂಕ್ ಮುಚ್ಚಿದವರೊಬ್ಬರಿಂದ ಲೈವ್ ರಾಕ್ (ಜೀವಿಗಳು ನೆಲೆಸಿರುವ ಸಮುದ್ರದ ಕಲ್ಲು) ತಂದು ಹಾಕಿದೆ. ಈಗ ದಿನಕ್ಕೊಂದು ಹೊಸದು ಕಾಣಿಸುತ್ತಿದೆ. ಮರಳಿನ ಮೇಲೆ ಕಂದು ಪುಡಿ. ಗಾಜಿನ ಮೇಲೆ ಬಿಳಿ ಸುರುಳಿ ಚುಕ್ಕೆಗಳು. ಅಲ್ಲಲ್ಲಿ ಗುಲಾಬಿ ಕಲೆ. ಒಂದು ತೂತಿನಲ್ಲಿ ಹೂವಿನಂಥದ್ದು, ಮುಟ್ಟಿದರೆ ಒಳಗೆ ಹೋಗುತ್ತದೆ. ಇನ್ನೊಂದು ಕಲ್ಲಿನ ತುಂಬ ಅಂಗಿ ಗುಂಡಿಯಂಥ ಕಂದು ಗುಂಪು. ಎಲ್ಲ ಕಲ್ಲನ್ನೂ ತೆಗೆದು, ಬ್ರಷ್‌ನಲ್ಲಿ ಉಜ್ಜಿ, ಕುದಿಯುವ ನೀರಿಗೆ ಹಾಕು ಅಂತ ಗೆಳೆಯ ಹೇಳುತ್ತಾನೆ. ಹಾಗೆ ಮಾಡಲಾ?

ಉತ್ತರ: ಬೇಡ. ದಯವಿಟ್ಟು ಬೇಡ. ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ಯಾವ ಬೆಳವಣಿಗೆಯೂ ಅಲ್ಲ, ಆ ಕುದಿಯುವ ನೀರು.

ಗುಂಡಿಯಂಥ ಆ ಗುಂಪು ಪಾಲಿಥೋವಾ ಇರಬಹುದು, ಇಲ್ಲವೇ ಅದರ ಹತ್ತಿರದ ಜೊಆಂಥಿಡ್ ಇರಬಹುದು. ಎರಡೂ ಹವಳದ ನೆಂಟರು. ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ಬಣ್ಣದವೂ ಇದೇ ಜಾತಿ. ಇವುಗಳಲ್ಲಿ ಕೆಲವದರ ಮೈಯಲ್ಲಿ ಪಾಲಿಟಾಕ್ಸಿನ್ ಎಂಬ ವಿಷ ಇರುತ್ತದೆ. ಸಮುದ್ರದ ಅತಿ ಘೋರ ವಿಷಗಳಲ್ಲಿ ಇದೂ ಒಂದು. ಹವಾಯಿಯ ಮಾವಿ ದ್ವೀಪದಲ್ಲಿ ಹಾನಾ ಎಂಬ ಊರಿದೆ. ಅಲ್ಲಿಯ ಜನ ಇದನ್ನು ಪಾಚಿ ಅಂದುಕೊಂಡು ‘ಹಾನಾದ ಸಾವಿನ ಪಾಚಿ’ ಎಂಬ ಅರ್ಥದ ಹೆಸರಿಟ್ಟಿದ್ದರು. ಅದು ಪಾಚಿಯಲ್ಲ, ಪ್ರಾಣಿ. ಹವಾಯಿ ವಿಶ್ವವಿದ್ಯಾಲಯದ ಮೂರ್ ಮತ್ತು ಶಾಯರ್ ಆ ವಿಷವನ್ನು ಬೇರ್ಪಡಿಸಿ 1971ರಲ್ಲಿ ಪ್ರಕಟಿಸಿದರು.

ಕಲ್ಲನ್ನು ಕುದಿಸಿದರೆ, ಬಿಸಿನೀರು ಸುರಿದರೆ ಅಥವಾ ಹೊರಗೆ ತೆಗೆದು ಉಜ್ಜಿದರೆ ಈ ವಿಷ ಆವಿಯ ಜೊತೆ, ತುಂತುರಿನ ಜೊತೆ ಗಾಳಿಗೆ ಸೇರುತ್ತದೆ. ಮನೆಮಂದಿಯೆಲ್ಲ ಅದನ್ನೇ ಉಸಿರಾಡುತ್ತಾರೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಟ್ಯಾಂಕ್ ಕ್ಲೀನ್ ಮಾಡಲು ಹೋಗಿ ಒಂದಿಡೀ ಕುಟುಂಬ ಆಸ್ಪತ್ರೆ ಸೇರಿತ್ತು. ಈ ವಿಷಕ್ಕೆ ಪ್ರತಿಮದ್ದು ಇಲ್ಲ. ಆ ಕಲ್ಲನ್ನು ಸದ್ಯ ಇದ್ದಲ್ಲೇ ಬಿಡಿ. ಸರಿಸಲೇಬೇಕಾದರೆ ಗ್ಲೌಸ್, ಕನ್ನಡಕ ಹಾಕಿಕೊಂಡು ನೀರಿನೊಳಗೇ ಸರಿಸಿ. ಕೈಯಲ್ಲಿ ಗಾಯ ಇದ್ದರೆ ಮುಟ್ಟಲೇಬೇಡಿ. ಕಲ್ಲು ಮುಟ್ಟಿದ ಮೇಲೆ ಬಾಯಿ ಕಹಿಯಾದರೆ, ಉಸಿರು ಕಟ್ಟಿದಂತಾದರೆ, ಜ್ವರ ನಡುಕ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ವಿಷದ ಹೆಸರನ್ನೂ ಡಾಕ್ಟರಿಗೆ ಹೇಳಿ.

ಇನ್ನು ಆ ಹೂವು. ರಾತ್ರಿ ಲೈಟ್ ಆರಿಸಿ ಅರ್ಧ ಗಂಟೆ ಬಿಟ್ಟು, ಟಾರ್ಚ್ ಹಿಡಿದು ಹತ್ತಿರದಿಂದ ನೋಡಿ. ಎಳೆಗಳು ನವಿಲುಗರಿಯ ಹಾಗೆ ಕವಲೊಡೆದು, ಕೆಳಗೆ ಒಂದು ಕೊಳವೆ ಕಂಡರೆ ಅದು ಕೊಳವೆ ಹುಳು. ನೆರಳು ಬಿದ್ದರೂ ಸಾಕು, ಚಕ್ಕಂತ ಒಳಗೆ ಸೇರುತ್ತದೆ. ಪಾಪದ ಪ್ರಾಣಿ, ಇರಲಿ ಬಿಡಿ. ಎಳೆಗಳಿಗೆ ಕವಲಿಲ್ಲದೆ, ಕಂದು ಗಾಜಿನ ಹಾಗೆ ಇದ್ದು ತುದಿ ಚೂಪಾಗಿದ್ದು, ನಡುವೆ ಬಾಯಿ ಇರುವ ತಟ್ಟೆ ಕಂಡರೆ ಅದು ಐಪ್ಟೇಸಿಯಾ ಎಂಬ ಸೀ ಅನಿಮೋನ್, ಹೂವಿನಂತೆ ಕಾಣುವ ಸಮುದ್ರ ಪ್ರಾಣಿ. ಪಕ್ಕದ ಹವಳಕ್ಕೆ ಕುಟುಕುತ್ತದೆ, ಬೇಗ ಹರಡುತ್ತದೆ. ಇದನ್ನು ಮಾತ್ರ ತೆಗೆಯಲೇಬೇಕು.

ಆದರೆ ಕೀಳಬೇಡಿ, ಕತ್ತರಿಸಬೇಡಿ. ನನ್ನ ಮೊದಲ ಟ್ಯಾಂಕಿನಲ್ಲಿ ಚಿಮುಟ ಹಾಕಿ ಎಳೆದುಬಿಟ್ಟಿದ್ದೆ. ಮೂರೇ ವಾರಕ್ಕೆ ಅದೇ ತೂತಿನ ಸುತ್ತ ಏಳು ಮರಿ ಎದ್ದಿದ್ದವು. ಅದರ ಪಾದದ ಒಂದು ಚೂರು ಉಳಿದರೂ ಹೊಸ ಪ್ರಾಣಿ ಆಗುತ್ತದೆ. ಸುಣ್ಣದ ಪೇಸ್ಟ್ ಒಳ್ಳೇ ದಾರಿ. ಎಲೆ ಅಡಿಕೆಗೆ ಹಚ್ಚುವ ಸುಣ್ಣ ಇದೆಯಲ್ಲ, ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಆದರೆ ಬೀಡಾ ಅಂಗಡಿಯದ್ದು ಬೇಡ, ಅದರಲ್ಲಿ ಏನೇನು ಬೆರೆಸಿರುತ್ತಾರೋ. ಅಕ್ವೇರಿಯಂಗೆಂದೇ ಮಾರುವ ಶುದ್ಧ ಪುಡಿ ತನ್ನಿ. ದೋಸೆ ಹಿಟ್ಟಿನ ಹದಕ್ಕೆ ಕಲಸಿ ಸಿರಿಂಜಿಗೆ ತುಂಬಿ. ಪಂಪ್ ಆರಿಸಿ. ಅದು ಪೂರ್ತಿ ಅರಳಿರುವಾಗ ತಟ್ಟೆಯ ಮೇಲೆ ಮೆಲ್ಲಗೆ ಬಿಡಿ, ತೂತೂ ಮುಚ್ಚುವ ಹಾಗೆ. ಕಾಲು ಗಂಟೆ ಬಿಟ್ಟು ಪಂಪ್ ಹಾಕಿ. ಸುಣ್ಣದಿಂದ ನೀರಿನ ಪಿಎಚ್, ಅಂದರೆ ಕ್ಷಾರದ ಮಟ್ಟ, ಏರುತ್ತದೆ, ನಿಮ್ಮದು ಚಿಕ್ಕ ಟ್ಯಾಂಕ್ ಬೇರೆ. ಹಾಗಾಗಿ ಒಂದು ದಿನಕ್ಕೆ ಎರಡು ಮೂರರ ಮೇಲೆ ಬೇಡ.

ಪೆಪ್ಪರ್‌ಮಿಂಟ್ ಸಿಗಡಿ ತಂದರೂ ಆಗುತ್ತದೆ. ಕೆಲವು ತಿನ್ನುತ್ತವೆ, ಕೆಲವು ಮೂಸಿಯೂ ನೋಡುವುದಿಲ್ಲ. ಅದೇ ಹೆಸರಿನಲ್ಲಿ ಬೆನ್ನು ಗೂನಾದ, ಕೆಂಪು ಮೈಗೆ ದಪ್ಪ ಬಿಳಿ ಗೆರೆ ಇರುವ ಒಂಟೆ ಸಿಗಡಿಯನ್ನು ಕೊಟ್ಟರೆ ಬೇಡ ಅನ್ನಿ. ಅದು ಮೆತ್ತನೆ ಹವಳವನ್ನೇ ತಿನ್ನುತ್ತದೆ.

ಬಿಳಿ ಸುರುಳಿ, ಗುಲಾಬಿ ಕಲೆ ಎರಡೂ ಒಳ್ಳೆಯವು. ರಾಗಿ ಕಾಳಿನಷ್ಟಿರುವ ಆ ಸುರುಳಿ ಸ್ಪೈರಾರ್ಬಿಡ್ ಎಂಬ ಹುಳುವಿನ ಮನೆ. ಭೂತಗನ್ನಡಿ ಹಿಡಿದರೆ ಬಾಯಿಂದ ಪುಟ್ಟ ಗರಿ ಹೊರಗೆ ಬರುವುದು ಕಾಣುತ್ತದೆ. ಗುಲಾಬಿಯದು ಕೊರಲೈನ್ ಪಾಚಿ, ಕಲ್ಲಿನಷ್ಟೇ ಗಟ್ಟಿ. ನೀರಿನಲ್ಲಿ ಕ್ಯಾಲ್ಸಿಯಂ 400ರಿಂದ 450 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಭಾಗ) ಇದ್ದರೆ ತಾನಾಗಿ ಹಬ್ಬುತ್ತದೆ.

ಕಂದು ಪುಡಿಗೆ ಸ್ವಲ್ಪ ತಾಳ್ಮೆ ಬೇಕು. ಬೆರಳು ಆಡಿಸಿದರೆ ಹೊಗೆಯ ಹಾಗೆ ಎದ್ದು ಹೋದರೆ ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಅದರ ಚಿಪ್ಪು ಸಿಲಿಕಾದ್ದು. ಬೋರ್‌ವೆಲ್ ನೀರಿನಲ್ಲಿ ಸಿಲಿಕಾ ಬೇಕಾದಷ್ಟು ಇರುತ್ತದೆ. ಆರ್‌ಓ ನೀರೇ ಹಾಕುತ್ತೇನೆ ಅನ್ನುತ್ತೀರಾ? ಕುಡಿಯುವ ನೀರಿನ ಎಷ್ಟೋ ಯಂತ್ರಗಳಲ್ಲಿ ರುಚಿಗೆಂದು ಪೂರ್ತಿ ಸೋಸದ ನೀರನ್ನು ಸ್ವಲ್ಪ ಬೆರೆಸುವ ವ್ಯವಸ್ಥೆ ಇರುತ್ತದೆ. ನೀರಿನಲ್ಲಿ ಕರಗಿರುವ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ. ನಮಗೆ ಬೇಕಾದ್ದು ಸೊನ್ನೆ. ಅದಕ್ಕೆ ಆರ್‌ಓ ಆದ ಮೇಲೆ ಉಳಿದ ಲವಣಗಳನ್ನೂ ಹಿಡಿಯುವ ಡಿಐ ರೆಸಿನ್ ಇರಲೇಬೇಕು. ನೀರು ಸರಿಯಾದರೆ ಡಯಾಟಮ್ ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ.

ಪುಡಿಯಲ್ಲದೆ ಸಿಂಬಳದ ಹಾಗೆ ಎಳೆ ಎಳೆಯಾಗಿದ್ದು, ಗುಳ್ಳೆ ಸಿಕ್ಕಿಕೊಂಡಿದ್ದು, ಬೆಳಗ್ಗೆ ಕಡಿಮೆ ಸಂಜೆ ಜಾಸ್ತಿ ಆಗುತ್ತಿದ್ದರೆ ಡೈನೊ (ಡೈನೊಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ) ಇರಬಹುದು. ಸ್ವಲ್ಪ ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿ, ಕಾಫಿ ಫಿಲ್ಟರ್ ಪೇಪರಿನಲ್ಲಿ ಸೋಸಿ, ಸೋಸಿದ ನೀರನ್ನು ಬೆಳಕಿನಲ್ಲಿ ಒಂದು ಗಂಟೆ ಇಡಿ. ಮತ್ತೆ ಎಳೆ ಕಟ್ಟಿಕೊಂಡರೆ ಅನುಮಾನ ಬಲವಾಯಿತು. ಆಗ ಬಸವನಹುಳುಗಳನ್ನು ಗಮನಿಸಿ, ಕೆಲವು ಡೈನೊ ಅವನ್ನು ಕೊಲ್ಲುತ್ತವೆ. ಹೊಸಬರು ಹೆದರಿ ಇನ್ನೂ ನೀರು ಬದಲಿಸುತ್ತಾರೆ. ಆದರೆ ನೈಟ್ರೇಟ್, ಫಾಸ್ಫೇಟ್ ಎಂಬ ಪೋಷಕಾಂಶಗಳು ಸೊನ್ನೆಗೆ ಇಳಿದ ಟ್ಯಾಂಕಿನಲ್ಲೇ ಇದು ಸೊಕ್ಕುವುದು. ಆಗ ನೀರು ಬದಲಿಸುವುದನ್ನು ನಿಲ್ಲಿಸಿ, ಮೀನಿಗೆ ಆಹಾರ ಸ್ವಲ್ಪ ಹೆಚ್ಚಿಸಿ.

ಪ್ರಶ್ನೆ: ನಾನು ಮುರುಡೇಶ್ವರದವನು. ನೇತ್ರಾಣಿ ದ್ವೀಪದ ಸುತ್ತ ಹವಳದ ಕಲ್ಲು ಇದೆಯಂತೆ. ಹೊಸ ಟ್ಯಾಂಕಿಗೆ ಒಂದೆರಡು ತರಬಹುದಾ?

ಉತ್ತರ: ತರಬಾರದು. ಕಲ್ಲು ಕಟ್ಟುವ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಸತ್ತ ತುಂಡಾದರೂ ತಪ್ಪೇ. ನೇತ್ರಾಣಿಯ ಹವಳ ನೋಡಬೇಕೆಂದರೆ ಡೈವಿಂಗ್‌ಗೆ ಹೋಗಿ, ಅಲ್ಲೇ ನೋಡಿ ಬನ್ನಿ. ಟ್ಯಾಂಕಿಗೆ ಸಿಮೆಂಟ್ ಅಥವಾ ಸೆರಾಮಿಕ್‌ನಲ್ಲಿ ಮಾಡಿದ ಒಣ ಕಲ್ಲು ಸಾಕು. ಅದರ ಜೊತೆ ಐಪ್ಟೇಸಿಯಾವೂ ಬರುವುದಿಲ್ಲ. ಮೊದಮೊದಲು ಬೋಳು ಬೋಳಾಗಿ ಕಾಣುತ್ತದೆ, ನಿಜ. ಗೆಳೆಯರು ಯಾರಾದರೂ ತಮ್ಮ ಟ್ಯಾಂಕಿನ ಗಾಜು ಕೆರೆಯುವಾಗ ಉದುರುವ ಗುಲಾಬಿ ಪುಡಿಯನ್ನು ಒಂದು ಚಮಚ ಕೇಳಿ ತಂದು ಹಾಕಿ. ತಿಂಗಳುಗಳು ಹಿಡಿಯುತ್ತದೆ, ಆದರೆ ಬಣ್ಣ ಬಂದೇ ಬರುತ್ತದೆ.