ಬರ್ಮಿಂಗ್‌ಹ್ಯಾಮ್‌ಗೆ ಬರುವ ಮುಂಚೆ

ಅಲಬಾಮದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸ ಸಿಕ್ಕಿದೆ, ಊರಿನ ಬಗ್ಗೆ ತಿಳಿಯೋಣ ಅಂತ ಸ್ಪೈಕ್ ಲೀ ಅವರ '4 ಲಿಟಲ್ ಗರ್ಲ್ಸ್' ಸಾಕ್ಷ್ಯಚಿತ್ರ ನೋಡಿದೆ, ಭಯ ಆಯಿತು, ನಮ್ಮಂಥವರು ಅಲ್ಲಿ ಇರಬಹುದಾ ಅಕ್ಕಾ ಅಂತ ಕೇಳಿದ್ದೀಯ. ಧಾರಾಳವಾಗಿ ಬಾ. ಕಾರು ಮಾತ್ರ ಬೇಕೇ ಬೇಕು, ಬಸ್ಸು ನಂಬಿಕೊಂಡರೆ ಕೆಲಸ ಕೆಟ್ಟಿತು. ಬೇಸಿಗೆಯಲ್ಲಿ ಮಂಗಳೂರಿನ ಹಾಗೆ ಬೆವರು ಇಳಿಯುತ್ತದೆ. ಉಳಿದದ್ದು ಬಂದ ಮೇಲೆ ಹೇಳುತ್ತೇನೆ.

ನೀನು ಸಿನಿಮಾದಲ್ಲಿ ನೋಡಿದ ಆ ಚರ್ಚ್, ಕಪ್ಪು ಜನರ 16ನೇ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚ್, ಈಗಲೂ ಇದೆ. 1963ರ ಸೆಪ್ಟೆಂಬರ್ 15, ಭಾನುವಾರ ಬೆಳಿಗ್ಗೆ ಬಾಂಬ್ ಸಿಡಿದಾಗ ನೆಲಮಾಳಿಗೆಯಲ್ಲಿ ಡೆನಿಸ್ ಮೆಕ್‌ನೇರ್‌ಳ ಫ್ರಾಕಿನ ಸೊಂಟದ ಪಟ್ಟಿಯನ್ನು ಆಡಿ ಮೇ ಕಾಲಿನ್ಸ್ ಕಟ್ಟಿಕೊಡುತ್ತಿದ್ದಳಂತೆ. ಇಬ್ಬರೂ ಸತ್ತರು. ಸಿಂಥಿಯಾ ವೆಸ್ಲಿ, ಕ್ಯಾರಲ್ ರಾಬರ್ಟ್‌ಸನ್ ಕೂಡ. ಡೆನಿಸ್‌ಗೆ 11 ವರ್ಷ, ಉಳಿದ ಮೂವರಿಗೆ 14. ಪಟ್ಟಿ ಕಟ್ಟುವುದನ್ನು ಕಂಡದ್ದು ಆಡಿಯ ತಂಗಿ ಸಾರಾ. ಅವಳು ಬದುಕಿದಳು, ಒಂದು ಕಣ್ಣು ಹೋಯಿತು.

ಸಿನಿಮಾ ಬಂದದ್ದು 1997ರಲ್ಲಿ. ಅಷ್ಟು ಹೊತ್ತಿಗೆ ಶಿಕ್ಷೆ ಆಗಿದ್ದು ಒಬ್ಬನಿಗೆ, ಅದೂ 1977ರಲ್ಲಿ. 1965ರಲ್ಲೇ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಕೈಯಲ್ಲಿ, ಬಾಂಬ್ ಇಟ್ಟ ಕು ಕ್ಲಕ್ಸ್ ಕ್ಲಾನ್ ಅನ್ನುವ ಬಿಳಿಯರ ದ್ವೇಷದ ಗುಂಪಿನ ನಾಲ್ವರ ಹೆಸರು ಇತ್ತು, ಆದರೂ ಸುಮ್ನೆ ಕೂತರು. ಇನ್ನಿಬ್ಬರಿಗೆ ಶಿಕ್ಷೆಯಾದದ್ದು 2001 ಮತ್ತು 2002ರಲ್ಲಿ. ನಾಲ್ಕನೆಯವನು ಕೋರ್ಟಿನ ಮುಖವನ್ನೇ ನೋಡದೆ 1994ರಲ್ಲಿ ಸತ್ತ. ನನಗೆ ಬಾಂಬಿಗಿಂತ ಜಾಸ್ತಿ ಸಿಟ್ಟು ಬರುವುದು ಇದಕ್ಕೆ.

ನಮಗೂ ಇದಕ್ಕೂ ಸಂಬಂಧ ಇದೆ. ಆ ಕಾಲದಲ್ಲಿ ಇಡೀ ಭಾರತಕ್ಕೆ ಅಮೆರಿಕ ಕೊಡುತ್ತಿದ್ದ ವಲಸೆ ಕೋಟಾ ವರ್ಷಕ್ಕೆ 100 ಜನ. ಬರ್ಮಿಂಗ್‌ಹ್ಯಾಮ್‌ನಂಥ ಊರುಗಳ ಹೋರಾಟದಿಂದ 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಅದೇ ಅಲೆಯಲ್ಲಿ 1965ರಲ್ಲಿ ವಲಸೆ ಕಾನೂನೂ ಬದಲಾಯಿತು. ನಮ್ಮ ಡಾಕ್ಟರು, ಎಂಜಿನಿಯರುಗಳು ದಂಡಿಯಾಗಿ ಬರಲು ಶುರು ಮಾಡಿದ್ದು ಆಮೇಲೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನೀನು ಮನೆ ಹುಡುಕುವಾಗ ನಮ್ಮವರೇ ಯಾರಾದರೂ 'ಆ ಕಡೆ ಬೇಡಮ್ಮ, ಅಲ್ಲಿ ಕರಿಯರು ಜಾಸ್ತಿ' ಅನ್ನುತ್ತಾರೆ. ಊರಲ್ಲಿ ಬಾಡಿಗೆಗೆ ಬಂದವರನ್ನು 'ನೀವು ಯಾವ ಜನ' ಅಂತ ಕೇಳಿ ಅಭ್ಯಾಸ ಅಲ್ವಾ! ಸ್ಯಾಂಡ್‌ವಿಚ್ ಬೇಕು ಅಂದ ಡೆನಿಸ್‌ಗೆ, ಈ ಅಂಗಡಿಯಲ್ಲಿ ಕರಿಯರಿಗೆ ಕೊಡಲ್ಲ ಅಂತ ಅವಳಪ್ಪ ಹೇಳಬೇಕಾಗಿ ಬಂದದ್ದನ್ನು ನೀನೇ ನೋಡಿದ್ದೀಯ. ಅಂಥ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡ. ಬಾಡಿಗೆ ಎಷ್ಟು, ಆಫೀಸು ಎಷ್ಟು ದೂರ ಅಂತ ನೋಡು, ಸಾಕು.

ನಿನಗೂ ಆಗಾಗ ಚುಚ್ಚುಮಾತು ಬರುತ್ತದೆ, ಇಲ್ಲ ಅನ್ನಲ್ಲ. 'ನಿಜವಾಗಿ ಯಾವ ಊರು' ಅಂತ ಎರಡೆರಡು ಸಲ ಕೇಳುವವರಿಗೆ ನಾನು ದಾವಣಗೆರೆ ಅಂತ ಹೇಳಿ ಸುಮ್ಮನಾಗುತ್ತೇನೆ. ಮುಂದೆ ಏನು ಕೇಳಬೇಕು ಅಂತ ಅವರಿಗೂ ಗೊತ್ತಾಗಲ್ಲ.

ಬಂದ ಮೇಲೆ ಫೋನ್ ಮಾಡು. ಚರ್ಚಿನ ಹತ್ತಿರವೇ ಕೆಲ್ಲಿ ಇನ್‌ಗ್ರಮ್ ಪಾರ್ಕ್ ಇದೆ, 1963ರ ಮೇ ತಿಂಗಳಲ್ಲಿ ಶಾಲೆ ಮಕ್ಕಳ ಮೆರವಣಿಗೆ ಮೇಲೆ ಪೊಲೀಸರು ನಾಯಿ ಬಿಟ್ಟ ಜಾಗ. ಪಕ್ಕದಲ್ಲೇ ಮ್ಯೂಸಿಯಂ. ನಿನ್ನ ಲೈಸೆನ್ಸ್ ಆಗುವವರೆಗೆ ಕಾರು ನನ್ನದೇ, ಒಂದು ಶನಿವಾರ ಬಿಡುವು ಮಾಡಿಕೋ.