ಬಿದಿರಿನ ಆನೆ ಮಳೆ ತಡೆಯುತ್ತಾ?

ಪ್ರಶ್ನೆ: ಬಸ್ ಸ್ಟಾಪ್ ಪಕ್ಕ ಊರವರೆಲ್ಲ ಸೇರಿ ಬಿದಿರಿನ ದೊಡ್ಡ ಆನೆ ಮಾಡೋಣ ಅಂತಿದ್ದೇವೆ. ನಮ್ಮ ಮಳೆಗೆ ಉಳಿಯುತ್ತಾ?
– ಓದುಗರೊಬ್ಬರು, ಪೊನ್ನಂಪೇಟೆ

ಉತ್ತರ: ಉಳಿಯುತ್ತೆ, ಆದರೆ ಆನೆಯ ಕಾಲನ್ನು ಮಣ್ಣಲ್ಲಿ ಹೂಳಬೇಡಿ. ಹೂತ ಬಿದಿರು ಒಂದೆರಡು ಮಳೆಗಾಲದಲ್ಲೇ ಬುಡದಿಂದ ಕೊಳೆಯುತ್ತೆ, ಗೆದ್ದಲೂ ಹತ್ತುತ್ತೆ. ಕಲ್ಲಿನ ಕಟ್ಟೆ ಮೇಲೆ ನಿಲ್ಲಿಸಿ. ಎಳೆ ಬಿದಿರು ಸುಮ್ನೆ ದಂಡ, 3 ವರ್ಷ ದಾಟಿದ್ದು ಬೇಕು. ಅದನ್ನು ಬೋರಾಕ್ಸ್, ಬೋರಿಕ್ ಆಸಿಡ್ ಬೆರೆಸಿದ ನೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ, ಇಲ್ಲದಿದ್ದರೆ ಒಳಗಿನ ಪಿಷ್ಟ ತಿನ್ನೋಕೆ ಹುಳ ಸೇರಿಕೊಂಡು ಸಣ್ಣ ತೂತುಗಳಿಂದ ಹಳದಿ ಹಿಟ್ಟು ಉದುರೋಕೆ ಶುರುವಾಗುತ್ತೆ. ಬೋರಾಕ್ಸ್ ಮಳೆಗೆ ತೊಳೆದುಹೋಗುತ್ತೆ, ಹಾಗಾಗಿ ವಾರ್ನಿಷ್ ಬೇಕೇ ಬೇಕು, ಪ್ರತಿ ಮೇ ತಿಂಗಳಲ್ಲಿ ಇನ್ನೊಂದು ಕೈ. ಮೇಲ್ತುದಿಯನ್ನು ಗಂಟಿನ ಸ್ವಲ್ಪ ಮೇಲೆ ಕತ್ತರಿಸಿ. ಜಾಸ್ತಿ ಉದ್ದ ಬಿಟ್ಟರೆ ನೀರು ನಿಂತು ಸೊಳ್ಳೆ ಮರಿ ಮಾಡುತ್ತೆ.

ಹಸಿ ಬಿದಿರನ್ನು ರಾತ್ರಿ ರಸ್ತೆ ಬದಿ ರಾಶಿ ಹಾಕಬೇಡಿ, ನಿಮ್ಮ ಕಡೆ ನಿಜವಾದ ಆನೆಗಳೂ ಇವೆ ಅಲ್ವಾ! ಕಾಫಿ ಕೊಯ್ಲು ಮುಗಿಯದೆ ಯಾರ ಕೈಯೂ ಬಿಡುವಾಗಲ್ಲ, ಮಾರ್ಚ್‌ನಲ್ಲಿ ಶುರು ಮಾಡಿ. ಅಷ್ಟರೊಳಗೆ ಪಂಚಾಯ್ತಿಯಿಂದ ಅನುಮತಿ ಪತ್ರ ತೆಗೆದಿಟ್ಟುಕೊಳ್ಳಿ.