ನಕ್ಷತ್ರ ತಿರುಗುವ ವೇಗಕ್ಕೂ ಅದರಲ್ಲಿರುವ ಲಿಥಿಯಂಗೂ ಏನು ನಂಟು?

ಸೂರ್ಯನಂಥ ನಕ್ಷತ್ರ ಎಷ್ಟು ಜೋರಾಗಿ ತಿರುಗುತ್ತದೆ, ಅದರ ಕಾಂತಕ್ಷೇತ್ರ ಹೇಗಿದೆ ಎನ್ನುವುದರಿಂದ ಅದರಲ್ಲಿರುವ ಧಾತುಗಳ ಪ್ರಮಾಣ ಬದಲಾಗುತ್ತದೆಯೇ ಎಂದು ಕೇಳಿದ್ದೀರಿ. ಬದಲಾಗುತ್ತದೆ. ಕಬ್ಬಿಣದಂಥ ಧಾತುಗಳಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ, ಲಿಥಿಯಂನಲ್ಲಿ ಎದ್ದು ಕಾಣುತ್ತದೆ. ನನಗೆ ಬಹಳ ಇಷ್ಟವಾದ ವಿಷಯವೂ ಅದೇ. ಹಾಗಾಗಿ ಅದನ್ನೇ ಹಿಡಿದು ಹೇಳುತ್ತೇನೆ.

ಹಳೆಯ ಉಲ್ಕಾಶಿಲೆಗಳಿಗೆ ಹೋಲಿಸಿದರೆ ಸೂರ್ಯನ ಮೇಲ್ಮೈಯಲ್ಲಿ ಲಿಥಿಯಂ ಸುಮಾರು 150 ಪಟ್ಟು ಕಡಿಮೆ. ಎರಡೂ ಹುಟ್ಟಿದ್ದು ಅನಿಲ, ಧೂಳು ತುಂಬಿದ ಒಂದೇ ಮೋಡದಿಂದ, ಅಲ್ವಾ? ಸೂರ್ಯನ ಪಾಲಿನದು ಒಳಗೇ ಉರಿದುಹೋಗಿದೆ. ಸುಮಾರು 25 ಲಕ್ಷ ಡಿಗ್ರಿ ಶಾಖವಿದ್ದರೆ ಸಾಕು, ಲಿಥಿಯಂ ನಾಶವಾಗುತ್ತದೆ. ತೊಡಕು ಏನೆಂದರೆ, ಸೂರ್ಯನ ಹೊರಭಾಗದಲ್ಲಿ ಅನಿಲ ಕುದಿಯುತ್ತ ಮೇಲೆ ಕೆಳಗೆ ಓಡಾಡುವ ಪದರದ ತಳದಲ್ಲಿ ಈಗಿರುವುದು ಸುಮಾರು 22 ಲಕ್ಷ ಡಿಗ್ರಿ ಮಾತ್ರ. ಲಿಥಿಯಂ ಇನ್ನೂ ಸ್ವಲ್ಪ ಕೆಳಗಿಳಿದರೆ ಮಾತ್ರ ಉರಿಯುತ್ತದೆ.

ಅದನ್ನು ಕೆಳಗಿಳಿಸುವುದು ತಿರುಗುವಿಕೆ. ಎಳೆಯ ಸೂರ್ಯ ಈಗಿನದಕ್ಕಿಂತ ಬಹಳ ಜೋರಾಗಿ ತಿರುಗುತ್ತಿತ್ತು. ಕಾಂತಕ್ಷೇತ್ರದ ಹಿಡಿತದಲ್ಲಿ ಹೊರಗೆ ಹರಿದ ಸೌರಮಾರುತ, ಅಂದರೆ ಸೂರ್ಯನಿಂದ ಹೊರಡುವ ಕಣಗಳ ಪ್ರವಾಹ, ಅದಕ್ಕೆ ಬ್ರೇಕ್ ಹಾಕುತ್ತ ಬಂತು. ಹೊರಪದರ ನಿಧಾನವಾದಾಗ ಒಳಭಾಗ ಇನ್ನೂ ಜೋರಾಗಿಯೇ ಇರುತ್ತದೆ. ಈ ವೇಗದ ವ್ಯತ್ಯಾಸ ನಡುವಿನ ಅನಿಲವನ್ನು ಕಲಕುತ್ತದೆ.

ಬರೀ ತಿರುಗುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸೂರ್ಯನ ಒಳಭಾಗ ಇವತ್ತಿಗೂ ಜೋರಾಗಿ ತಿರುಗುತ್ತಿರಬೇಕು. ಸೂರ್ಯನ ಕಂಪನಗಳನ್ನು ಅಳೆದರೆ ಬೇರೆಯೇ ಕಾಣುತ್ತದೆ. ಕುದಿಯುವ ಪದರದ ಕೆಳಗೆ ಎಲ್ಲವೂ ಗಟ್ಟಿ ಚೆಂಡಿನಂತೆ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸುತ್ತುತ್ತಿದೆ. ಒಳಗಿನ ಕಾಂತಕ್ಷೇತ್ರ ವೇಗವನ್ನು ಹಂಚುತ್ತದೆ ಎಂದು ಸೇರಿಸಿದರೆ ಲೆಕ್ಕ ಕೂಡಿಬರುತ್ತದೆ. 2022ರಲ್ಲಿ ಖಗೋಳ ವಿಜ್ಞಾನಿ ಎಗೆನ್‌ಬರ್ಗರ್ ಮತ್ತು ಸಂಗಡಿಗರು ಹೀಗೆ ಮಾಡಿದಾಗ ಒಳಗಿನ ವೇಗ, ಲಿಥಿಯಂ, ಮೇಲ್ಮೈಯ ಹೀಲಿಯಂ ಮೂರೂ ಒಟ್ಟಿಗೆ ಹೊಂದಿದವು. ಒಂದೇ ಕಾರಣ ಮೂರು ಕಡೆ ಸರಿಹೋಗುವುದು ಸುಮ್ನೆ ಆಗುವ ಮಾತಲ್ಲ.

ಹಾಗಂತ ಜೋರಾಗಿ ತಿರುಗಿದರೆ ಲಿಥಿಯಂ ಕಡಿಮೆ ಎಂದು ಸೂತ್ರ ಮಾಡಿಕೊಳ್ಳಬೇಡಿ. ಕೃತ್ತಿಕೆ ಎಂಬ ನಕ್ಷತ್ರಗುಚ್ಛದ ನಕ್ಷತ್ರಗಳಿಗೆ ಇನ್ನೂ 12 ಕೋಟಿ ವರ್ಷ ಅಷ್ಟೆ. ಅಲ್ಲಿ ಸೂರ್ಯನಿಗಿಂತ ಸ್ವಲ್ಪ ತಂಪಾದ ನಕ್ಷತ್ರಗಳನ್ನು ನೋಡಿದರೆ, ಜೋರಾಗಿ ತಿರುಗುವವುಗಳಲ್ಲೇ ಲಿಥಿಯಂ ಜಾಸ್ತಿ! ಇದಕ್ಕೆ ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆಯೂ ಕಾಂತಕ್ಷೇತ್ರದ್ದೇ. ಜೋರಾಗಿ ತಿರುಗುವ ಎಳೆಯ ನಕ್ಷತ್ರದ ಕಾಂತಕ್ಷೇತ್ರ ಬಲವಾಗಿರುತ್ತದೆ. ಅದು ನಕ್ಷತ್ರವನ್ನು ತುಸು ಉಬ್ಬಿಸುತ್ತದೆ. ಆಗ ಕುದಿಯುವ ಪದರದ ತಳ ತಂಪಾಗಿ, ಲಿಥಿಯಂ ಉರಿಯದೆ ಉಳಿದುಕೊಳ್ಳುತ್ತದೆ.